ಗಂಟಲಿನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರದ ವಿಕಿರಣ ಚಿಕಿತ್ಸೆ

ಗಂಟಲು ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಗಡ್ಡೆಯನ್ನು ತೆಗೆದ ಮೇಲೆ, ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕೋಶಗಳನ್ನು ನಾಶಪಡಿಸಲು ಕೊಡುವ ಚಿಕಿತ್ಸೆ. ಆಡುಮಾತಿನಲ್ಲಿ ‘ಕರೆಂಟ್ ಕೊಡುವುದು’. ಉಡುಪಿ ಜಿಲ್ಲೆಯವರು ಇದಕ್ಕಾಗಿ ಹೆಚ್ಚಾಗಿ ಹೋಗುವುದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಇದು.

ಈ ಚಿಕಿತ್ಸೆ ಎಲ್ಲರಿಗೂ ಬೇಕಾಗುವುದಿಲ್ಲ. ಆಪರೇಶನ್ ಸಕ್ಸಸ್ ಆಯಿತೆಂಬ ಮಾತಿನಿಂದ ಅದು ತೀರ್ಮಾನವಾಗುವುದೂ ಇಲ್ಲ. ನೋಡಬೇಕಾದದ್ದು ತೆಗೆದ ಗಡ್ಡೆಯ ಪೆಥಾಲಜಿ ರಿಪೋರ್ಟನ್ನು. ಗಡ್ಡೆ ಚಿಕ್ಕದಿದ್ದು, ಕತ್ತರಿಸಿದ ಅಂಚು ಶುದ್ಧವಾಗಿದ್ದು, ಕತ್ತಿನ ದುಗ್ಧಗ್ರಂಥಿಗಳಿಗೆ ರೋಗ ಹಬ್ಬಿರದಿದ್ದರೆ ಸಾಮಾನ್ಯವಾಗಿ ತಪಾಸಣೆಯೇ ಸಾಕು. ಅಂಚು ಮತ್ತು ಗಡ್ಡೆಯ ನಡುವೆ 5 ಮಿ.ಮೀ. ಇರಬೇಕೆಂಬುದು ರೂಢಿ, ಧ್ವನಿತಂತುವಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲವಾದ್ದರಿಂದ 1–2 ಮಿ.ಮೀ.ಯನ್ನೂ ಒಪ್ಪುತ್ತಾರೆ. ಗಡ್ಡೆ ಮೃದ್ವಸ್ಥಿಯನ್ನು ಕೊರೆದು ಹೊರಬಂದಿದ್ದರೆ, ನರದ ಸುತ್ತ ಹರಡಿದ್ದರೆ ಅಥವಾ ಹಲವು ಗ್ರಂಥಿಗಳಲ್ಲಿ ರೋಗವಿದ್ದರೆ ವಿಕಿರಣವನ್ನು ಸೂಚಿಸುತ್ತಾರೆ. ಅಂಚಿನಲ್ಲೇ ಕ್ಯಾನ್ಸರ್ ಉಳಿದಿದ್ದರೆ, ಇಲ್ಲವೇ ಅದು ಗ್ರಂಥಿಯ ಕವಚ ಒಡೆದು ಹೊರಬಂದಿದ್ದರೆ ಜೊತೆಗೆ ಸಿಸ್‌ಪ್ಲಾಟಿನ್ ಔಷಧವೂ ಬೇಕು. ಇದಕ್ಕೆ ಆಧಾರ 2004ರಲ್ಲಿ ಪ್ರಕಟವಾದ ಯುರೋಪ್ ಮತ್ತು ಅಮೆರಿಕದ ಎರಡು ಅಧ್ಯಯನಗಳು. ಮೂತ್ರಪಿಂಡ ಅಥವಾ ಕಿವಿ ದುರ್ಬಲವಾಗಿರುವವರಿಗೆ ಈ ಔಷಧ ಒಗ್ಗದು.

ಸಾಮಾನ್ಯ ಪ್ರಮಾಣ 60 ಗ್ರೇ (ವಿಕಿರಣವನ್ನು ಅಳೆಯುವ ಮಾನ): ವಾರಕ್ಕೆ 5 ದಿನದಂತೆ 30 ಸಲ, ಒಟ್ಟು 6 ವಾರ. ಅಪಾಯ ಹೆಚ್ಚಿರುವ ಭಾಗಕ್ಕೆ 66 ಗ್ರೇ ಕೊಡುವುದುಂಟು. ಆಪರೇಶನ್ ಆದ 6 ವಾರದೊಳಗೆ ಶುರುವಾಗಬೇಕು. ಹೇಳುವಾಗ ಧಾರಾಳ ಸಮಯವೆನಿಸುತ್ತದೆ, ವಾಸ್ತವದಲ್ಲಿ ಅಲ್ಲ. ಹೊಲಿಗೆ ಸೋರದೆ ಗಾಯ ಮಾಯಬೇಕು. ಹಾಳಾದ ಹಲ್ಲು ಕೀಳಿಸಿ ಸುಮಾರು 2 ವಾರ ವಸಡು ಆರಲು ಬಿಡಬೇಕು, ಏಕೆಂದರೆ ವಿಕಿರಣ ಬಿದ್ದ ದವಡೆಯಲ್ಲಿ ಮುಂದೆ ಹಲ್ಲು ಕಿತ್ತರೆ ಮೂಳೆಯೇ ಕೊಳೆಯಬಹುದು. ಬಳಿಕ ಮುಖಕ್ಕೆ ಪ್ಲಾಸ್ಟಿಕ್ ಮಾಸ್ಕ್ ಅಚ್ಚು ಹಾಕಿ, ಸಿ.ಟಿ. ಸ್ಕ್ಯಾನ್ ತೆಗೆದು ಯೋಜನೆ ಸಿದ್ಧಪಡಿಸುತ್ತಾರೆ. ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಎಂದು ತಿಂಗಳು ಕಳೆದವರಿಗೆ ಇದಾವುದಕ್ಕೂ ಬಿಡುವು ಸಿಗದು.

ಶುರುವಾದ ಮೇಲೆ ನಡುವೆ ನಿಲ್ಲಿಸುವುದೂ ಅಷ್ಟೇ ಹಾನಿಕರ. ಕಾರ್ಕಳದವರು ಹಿರಿಯಡ್ಕ, ಪರ್ಕಳದ ದಾರಿಯಲ್ಲಿ, ಕಾಪುವಿನವರು ಹೆದ್ದಾರಿ 66ರಲ್ಲಿ ಉಡುಪಿಗೆ ಬಂದು ದಿನವೂ ಮಣಿಪಾಲಕ್ಕೆ ಹೋಗಿಬರಬಹುದು. ಆದರೆ ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ, ಕುಚ್ಚಲಕ್ಕಿ ಗಂಜಿಯ ತಿಳಿಯೂ ಉರಿಯತೊಡಗಿದಾಗ ಆ ಪ್ರಯಾಣ ದಣಿಸುತ್ತದೆ. ಸಾಧ್ಯವಿದ್ದರೆ ಕೊನೆಯ ವಾರಗಳಲ್ಲಾದರೂ ಆಸ್ಪತ್ರೆಯ ಹತ್ತಿರ ಉಳಿಯುವುದು ಲೇಸು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅದರ ಕಾಗದಪತ್ರವನ್ನು ಆಪರೇಶನ್ ವೇಳೆಯಲ್ಲೇ ಕೇಳಿಕೊಳ್ಳಬೇಕು.

ಹುಣ್ಣು, ಚರ್ಮದ ಉರಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ಬಾಯಿ ಒಣಗುವುದು, ನುಂಗುವ ಕಷ್ಟ ವರ್ಷಗಟ್ಟಲೆ ಉಳಿಯಬಹುದು. ಥೈರಾಯ್ಡ್ ಸದ್ದಿಲ್ಲದೆ ಕುಗ್ಗುವುದರಿಂದ ಕತ್ತಿಗೆ ವಿಕಿರಣ ಪಡೆದವರು 6ರಿಂದ 12 ತಿಂಗಳಿಗೊಮ್ಮೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಬೇಕು.