ಒಂದೂವರೆ ಚಮಚದ ಜಾಗ: ಟರ್ಬೊ ಎಂಜಿನ್ನಿನ ಹೆಡ್ ಬೆಳೆದು ಬಂದ ದಾರಿ

ಕಬ್ಬಿನ ಸೀಸನ್ನಿನಲ್ಲಿ ಬೈಲಹೊಂಗಲದಿಂದ ಸವದತ್ತಿಗೆ ಹೊರಟ ಕಾರು ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಅದರ ಎಂಜಿನ್ನಿನ ಗುಣ ತಿಳಿದುಬಿಡುತ್ತದೆ. ತೆವಳುವಾಗ ಟರ್ಬೊ ಸುಮ್ಮನಿರುತ್ತದೆ. ಆಗ ಗಾಡಿ ಎಳೆಯುವುದು ಎಂಜಿನ್ನಿನ ಸ್ವಂತ ಕಸುವು, ಅಂದರೆ ಕಂಪ್ರೆಶನ್. ದಾರಿ ತೆರವಾಗಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಟರ್ಬೊ ಗಾಳಿ ತುರುಕುತ್ತದೆ. ಈಗ ಅದೇ ಕಂಪ್ರೆಶನ್ ಪಿಸ್ಟನ್ನಿಗೆ ಕುತ್ತಾಗಬಹುದು. ದಿನಬಳಕೆಯ ಟರ್ಬೊ ಗಾಡಿಯ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಈ ಎರಡೂ ಹೊತ್ತಿಗೆ ಹೊಂದಬೇಕು.

ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗವನ್ನು ಅದು ಮೇಲೇರಿದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದೇ ಕಂಪ್ರೆಶನ್ ರೇಶಿಯೊ. ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 333 ಸಿಸಿ. ರೇಶಿಯೊ 10 ಬೇಕಾದರೆ ಮೇಲೆ 37 ಸಿಸಿ ಉಳಿಯಬೇಕು, 8.5 ಸಾಕೆಂದರೆ 44.4 ಸಿಸಿ. ಅಂತರ ಬರೀ ಏಳೂವರೆ ಸಿಸಿ, ಒಂದೂವರೆ ಚಹಾ ಚಮಚ. ಟರ್ಬೊ ಕಾರುಗಳ ಆರು ದಶಕಗಳ ಇತಿಹಾಸವೆಲ್ಲ ಈ ಒಂದೂವರೆ ಚಮಚದ ಸುತ್ತ ಸುತ್ತಿದೆ.

ಎಂಜಿನ್ನಿನ ಹೊಗೆಯಿಂದಲೇ ಗಾಳಿ ತುರುಕುವ ಯಂತ್ರ ತಿರುಗಿಸುವ ಈ ಟರ್ಬೊ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಮೊದಲು ಹಡಗು, ವಿಮಾನಗಳಲ್ಲಿ ಬೇರೂರಿತು. ರಸ್ತೆಯ ಪೆಟ್ರೋಲ್ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ, ಎರಡು ಬಗೆಯಲ್ಲಿ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ರೇಶಿಯೊವನ್ನು 10.25ರಲ್ಲೇ ಇಟ್ಟು, ಪೆಟ್ರೋಲ್ ತಾನಾಗಿ ಸಿಡಿಯುವ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಎಂಜಿನ್ನಿಗೆ ಚಿಮುಕಿಸಿತು. ಮಾಲೀಕರು ಆ ದ್ರವ ತುಂಬುವುದನ್ನು ಮರೆತರು, ಕಾರು ಬಾಳಲಿಲ್ಲ. ಷೆವರ್ಲೆ ಕಾರ್ವೇರ್ ರೇಶಿಯೊವನ್ನು 8ಕ್ಕೆ ಇಳಿಸಿತು. ಮುಂದಿನ ಹದಿನೈದು ವರ್ಷ ಎಲ್ಲರೂ ಹಿಡಿದದ್ದು ಈ ಎರಡನೆಯ ದಾರಿ. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ 6.9, ಆಮೇಲಿನ ಪೋರ್ಷೆ 911 ಟರ್ಬೊದಲ್ಲಿ 6.5, ಸಾಬ್ 99 ಟರ್ಬೊದಲ್ಲಿ 7.2.

ಇಳಿಸಿದ್ದಕ್ಕೆ ಕಾರಣವಿತ್ತು. ಬೈಲಹೊಂಗಲದ ಏಪ್ರಿಲ್ ತಿಂಗಳ 38 ಡಿಗ್ರಿ ಗಾಳಿಯನ್ನು ಟರ್ಬೊ 0.7 ಬಾರ್ ಒತ್ತಿದರೆ ಅದು ಸುಮಾರು 110 ಡಿಗ್ರಿಗೆ ಕಾಯುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ಈ ಬಿಸಿಗಾಳಿ ಹಾಗೇ ಸಿಲಿಂಡರಿಗೆ ಹೋಗಿ ಮತ್ತಷ್ಟು ಅದುಮಿಸಿಕೊಳ್ಳುತ್ತದೆ. ಪ್ಲಗ್ಗಿನ ಬೆಂಕಿ ತಲುಪುವ ಮೊದಲೇ ಮೂಲೆಯ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಆದರೆ ರೇಶಿಯೊ ಇಳಿಸಿದ್ದಕ್ಕೆ ದಂಡವನ್ನೂ ತೆರಬೇಕಾಯಿತು. ಬರೀ ಸೂತ್ರದ ಲೆಕ್ಕದಲ್ಲಿ 10ರ ರೇಶಿಯೊ ಇಂಧನದ ಶಾಖದಲ್ಲಿ ನೂರಕ್ಕೆ 60 ಪಾಲು ಕೆಲಸ ಮಾಡಿಸಬಲ್ಲದು, 7ರ ರೇಶಿಯೊ 54. ಟ್ರ್ಯಾಕ್ಟರಿನ ಹಿಂದೆ ತೆವಳುವ ಹೊತ್ತಿನಲ್ಲೆಲ್ಲ ಆ ಕೊರತೆ ಕಾಲಿಗೇ ತಿಳಿಯುತ್ತದೆ.

ಕಳೆದುಕೊಂಡದ್ದನ್ನು ಮರಳಿ ತಂದುಕೊಟ್ಟದ್ದು ಹೆಡ್. 1980ರ ದಶಕದಲ್ಲಿ ಸಾಬ್ ನಾಕಿಂಗ್ ಆಲಿಸುವ ಸೆನ್ಸರ್ ತಂದು, ಅದರ ಜೊತೆ ಹದಿನಾರು ವಾಲ್ವಿನ ಅಲ್ಯೂಮಿನಿಯಂ ಹೆಡ್ ಜೋಡಿಸಿ 9ಕ್ಕೆ ಏರಿತು. ನಾಲ್ಕು ವಾಲ್ವ್ ಇದ್ದರೆ ಪ್ಲಗ್ ನಟ್ಟನಡುವೆ ಕೂರುತ್ತದೆ, ಬೆಂಕಿ ಎಲ್ಲ ಮೂಲೆಗೂ ಬೇಗ ಮುಟ್ಟುತ್ತದೆ, ಮೂಲೆಯ ಪೆಟ್ರೋಲಿಗೆ ಸಿಡಿಯಲು ಹೊತ್ತು ಸಿಗುವುದಿಲ್ಲ. ಬೀಡುಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಶಾಖವನ್ನು ಬೇಗ ಹೊರಗೆ ಒಯ್ಯುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮುಕಿಸತೊಡಗಿದ ಮೇಲೆ ಅದು ಆವಿಯಾಗುತ್ತ ಒಳಗಿನ ಗಾಳಿಯನ್ನು ತಂಪು ಮಾಡಿತು. ಇವತ್ತು ನಮ್ಮ ರಸ್ತೆಗಳಲ್ಲಿರುವ ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಎಂಜಿನ್ನಿನ ರೇಶಿಯೊ 10.5. ಜೆಟ್‌ಫೈರ್ ದ್ರವದ ಡಬ್ಬಿಯಿಂದ ಸಾಧಿಸಲು ಹೋದದ್ದನ್ನು ಇದು ಹೆಡ್ಡಿನಿಂದ ಸಾಧಿಸಿದೆ. ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಹೆಡ್ಡಿನೊಳಗೇ ಇದೆ, ಸುತ್ತ ನೀರು ಹರಿಯುತ್ತದೆ.

ಬೈಲಹೊಂಗಲ, ಸವದತ್ತಿಯ ನಮ್ಮ ಕಡೆಗೆ ಟರ್ಬೊ ಬಂದದ್ದು ಮಾತ್ರ ಪೆಟ್ರೋಲಿನ ದಾರಿಯಿಂದಲ್ಲ. ಲಾರಿ, ಬಸ್ಸು, ಜೀಪುಗಳ ಡೀಸೆಲ್ಲಿನ ದಾರಿಯಿಂದ. ಹಳೆಯ ಕಾರಿನ ಡೀಸೆಲ್ ಎಂಜಿನ್ನುಗಳಲ್ಲಿ ಹೆಡ್ಡಿನೊಳಗೇ ಒಂದು ಪುಟ್ಟ ಕೋಣೆ ಇರುತ್ತಿತ್ತು, ಬೆಂಕಿ ಹೊತ್ತುತ್ತಿದ್ದದ್ದು ಅಲ್ಲಿ. ಆ ಕೋಣೆ ಶಾಖ ನುಂಗುತ್ತಿದ್ದುದರಿಂದ ರೇಶಿಯೊ 22ರ ಆಸುಪಾಸು ಬೇಕಾಗುತ್ತಿತ್ತು, ಹೆಡ್ ಬಿರುಕು ಬಿಡುವುದೂ ಹೆಚ್ಚು. ನೇರ ಇಂಜೆಕ್ಷನ್ ಬಂದಾಗ ಕೋಣೆ ಪಿಸ್ಟನ್ನಿನ ತಲೆಯ ಮೇಲಿನ ಬಟ್ಟಲಾಯಿತು, ಹೆಡ್ ಸಪಾಟಾಯಿತು. ಸ್ವಿಫ್ಟ್ ಮೂಲಕ ಊರೂರಿಗೆ ಹೋದ ಫಿಯಟ್‌ನ 1.3 ಮಲ್ಟಿಜೆಟ್‌ನಲ್ಲಿ ರೇಶಿಯೊ 17.6ಕ್ಕೆ ಇಳಿದಿತ್ತು. ಡೀಸೆಲ್ಲಿನಲ್ಲಿ ಮೇಲಿನ ಮಿತಿ ಹಾಕುವುದು ಹೆಡ್ ಬೋಲ್ಟು ಮತ್ತು ಗ್ಯಾಸ್ಕೆಟ್ ತಾಳುವ ಒತ್ತಡ, ಕೆಳಗಿನ ಮಿತಿ ಹಾಕುವುದು ಚಳಿಗಾಲದ ಬೆಳಗಿನ ಸ್ಟಾರ್ಟಿಂಗ್.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಯಲ್ಲಮ್ಮನ ಗುಡ್ಡ ಏರುವಾಗ ಗಾಡಿ ಕಾದು ಹೆಡ್ ಬಾಗಿದರೆ ಗ್ಯಾರೇಜಿನವರು ಅದನ್ನು ಫೇಸಿಂಗಿಗೆ, ಅಂದರೆ ಹೆರೆದು ಸಮ ಮಾಡಿಸಲು, ಕಳಿಸುತ್ತಾರೆ. ಎಷ್ಟು ಹೆರೆದರು ಎಂದು ಯಾರೂ ಕೇಳುವುದಿಲ್ಲ. ಇಂಧನ ಉರಿಯುವ ಚೇಂಬರ್ ಹೆಡ್ಡಿನಲ್ಲೇ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ಮಿಲಿಮೀಟರ್ ಹೆರೆದರೆ ಸುಮಾರು ಒಂದು ಸಿಸಿ ಹೋಗುತ್ತದೆ, 10 ಇದ್ದ ರೇಶಿಯೊ 10.3ರ ಹತ್ತಿರ ಬರುತ್ತದೆ. ಟರ್ಬೊ ಇಲ್ಲದ ಗಾಡಿ ಅದನ್ನು ತಡೆದೀತು, ಟರ್ಬೊ ಗಾಡಿ ಏರಿನಲ್ಲಿ ನಾಕ್ ಮಾಡುತ್ತದೆ. ಸಪಾಟು ಹೆಡ್ಡಿನ ಡೀಸೆಲ್ಲಿನಲ್ಲಿ ರೇಶಿಯೊ ಅಷ್ಟಾಗಿ ಬದಲಾಗದು, ಆದರೆ ವಾಲ್ವುಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ, ಇಂಜೆಕ್ಟರಿನ ಮೂತಿ ಕೆಳಗೆ ಚಾಚುತ್ತದೆ. ಅದಕ್ಕೇ ಹಲವು ಕಂಪನಿಗಳು ಡೀಸೆಲ್ ಹೆಡ್ ಹೆರೆಯಲೇಬಾರದು ಎನ್ನುತ್ತವೆ. ಡೀಸೆಲ್ಲಿಗೆ ಗ್ಯಾಸ್ಕೆಟ್ ತರುವಾಗ ಅಂಚಿನ ತೂತು ಅಥವಾ ಕಚ್ಚುಗಳನ್ನು ಎಣಿಸಬೇಕು, ಅವು ದಪ್ಪದ ಗುರುತು. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆದು ಅದಕ್ಕೆ ತಕ್ಕದ್ದನ್ನೇ ಹಾಕಬೇಕು. ಮಲ್ಟಿಜೆಟ್‌ನಂಥ ಎಂಜಿನ್ನಿಗೆ ಕಾಲು ಮಿಲಿಮೀಟರ್ ದಪ್ಪ ಹೆಚ್ಚಾದರೂ 17.6 ಇದ್ದದ್ದು 16.8ಕ್ಕೆ ಬೀಳುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕೂರಿಸುವ ಉಮೇದಿನ ಹುಡುಗರು ರೇಶಿಯೊ ಇಳಿಸಲು ದಪ್ಪ ಗ್ಯಾಸ್ಕೆಟ್ ಹಾಕುವುದುಂಟು. ಅದು ತಪ್ಪು ದಾರಿ. ಪಿಸ್ಟನ್ನಿನ ಅಂಚು ಮತ್ತು ಹೆಡ್ಡಿನ ನಡುವಿನ ಸುಮಾರು ಒಂದು ಮಿಲಿಮೀಟರ್ ಸಂದಿಯೇ ಗಾಳಿಯನ್ನು ಹಿಂಡಿ ಪ್ಲಗ್ಗಿನ ಕಡೆ ತಳ್ಳುವುದು. ಅದನ್ನು ಅಗಲಿಸಿದರೆ ರೇಶಿಯೊ ಇಳಿದೂ ನಾಕಿಂಗ್ ಉಳಿಯಬಹುದು. ಸಂದಿಯನ್ನು ಹಾಗೇ ಬಿಟ್ಟು ತಗ್ಗು ತಲೆಯ ಪಿಸ್ಟನ್ ಹಾಕುವುದು ಲೇಸು. ನನ್ನ ಲೆಕ್ಕದಲ್ಲಿ ಎರಡು ವಾಲ್ವಿನ ಹಳೆಯ ಹೆಡ್ಡಿಗೆ 8.5, ಪೆಟ್ರೋಲನ್ನು ಸಿಲಿಂಡರಿನ ಹೊರಗೇ ಚಿಮುಕಿಸುವ ಪೋರ್ಟ್ ಇಂಜೆಕ್ಷನ್ನಿನ ನಾಲ್ಕು ವಾಲ್ವಿನ ಹೆಡ್ಡಿಗೆ 9, ನೇರ ಇಂಜೆಕ್ಷನ್ನಿಗೆ 10ರಿಂದ 10.5.

ಈ ಅಂಕಿಗಳನ್ನು ಇನ್ನು ಮೇಲಕ್ಕೆ ತಳ್ಳಬಲ್ಲದ್ದು ನಮ್ಮ ಹೊಲದಲ್ಲೇ ಬೆಳೆಯುತ್ತಿದೆ. ಮುನವಳ್ಳಿ, ಎಂ.ಕೆ. ಹುಬ್ಬಳ್ಳಿ, ರಾಮದುರ್ಗದ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೋಗುವ ಕಬ್ಬು ಎಥೆನಾಲಿನ ಕಚ್ಚಾ ಮಾಲೂ ಹೌದು. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. ಎಥೆನಾಲಿನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣದ ಅಳತೆ, ಸುಮಾರು 108. ಹಿಂದಿನ ಸಾದಾ ಪೆಟ್ರೋಲಿನ 91ರ ಬದಲು ಇ20ರಲ್ಲಿ 95ರ ಮಟ್ಟ ಸಿಗುತ್ತದೆ. ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಹೀರುತ್ತದೆ, ಟರ್ಬೊ ಎಂಜಿನ್ನಿಗೆ ಇದು ಒಳಗಿನ ಇಂಟರ್‌ಕೂಲರ್ ಇದ್ದಂತೆ. ಇ20ರಲ್ಲಿ ಲೀಟರಿಗೆ ಶಕ್ತಿ ಕಡಿಮೆ ಇರುವುದರಿಂದ ಮೈಲೇಜ್ ಇಳಿಯುತ್ತದೆ ಎಂಬ ದೂರು ನಿಜ. 91ಕ್ಕೆಂದು ಕೊರೆದ ಚೇಂಬರಿನಲ್ಲಿ 95ನ್ನು ಸುಟ್ಟರೆ ಆ ನಷ್ಟ ಪೂರ್ತಿ ತುಂಬಿ ಬರುವುದಿಲ್ಲ. ಅದೇ ಒಂದು ಲೀಟರ್ ಎಂಜಿನ್ನಿನಲ್ಲಿ 37 ಸಿಸಿಯ ಚೇಂಬರನ್ನು 33 ಸಿಸಿಗೆ ಇಳಿಸಿದರೆ ರೇಶಿಯೊ 11 ದಾಟುತ್ತದೆ, ಮುಂದಿನ ಹೆಡ್ಡುಗಳು ಆ ನಾಲ್ಕು ಸಿಸಿಯನ್ನು ಈ ಇಂಧನದ ಬಲದ ಮೇಲೆ ಕೇಳಬಹುದು.