ಮದ್ದಿಗೂ ಚರೆಗೂ ನಡುವಿನ ಬಿರಡೆ

ಭತ್ತ ಹಾಲುಗಟ್ಟುತ್ತಿದೆ, ಹಂದಿ ಕಾವಲು ಶುರುವಾಗಿದೆ. ಈ ಹೊತ್ತಿಗೆ ನಮ್ಮೂರಿನ ಎರಡು ಮೂರು ಹುಡುಗರು ಒಂದೇ ವಿಷಯ ಹಿಡಿದುಕೊಂಡು ಕೇಳ್ತಿದಾರೆ. ಅಮೆರಿಕದವರು ನಮ್ಮ ಕೇಪಿನ ಕೋವಿಯಂಥದ್ದೇ ಕೋವಿಗೆ ಮನೆಯಲ್ಲೇ ಕಾಗದ, ಪ್ಲಾಸ್ಟಿಕ್ಕು ಬಳಸಿ ಚರೆ ತುಂಬುವ ಕಪ್ ಮಾಡ್ಕೊಳ್ತಾರಂತೆ, ಚರೆ ಚದುರದೆ ದೂರ ಹೋಗ್ತದಂತೆ, ನಾವೂ ಯಾಕೆ ಮಾಡಬಾರದು ಅಂತ. ನನ್ನ ಉತ್ತರ ಮೊದಲೇ ಹೇಳಿಬಿಡ್ತೇನೆ: ಬೇಡ. ಆದರೆ ಬರೀ ಬೇಡ ಅಂದರೆ ಯಾರೂ ಕೇಳೋದಿಲ್ಲ ಅಂತ ನನಗೂ ಗೊತ್ತು. ಈ ಕಪ್ಪು ನಿನ್ನೆ ಮೊನ್ನೆಯದಲ್ಲ. ಇದರ ಹಿಂದೆ 200 ವರ್ಷದ ಕಥೆ ಇದೆ. ಅದನ್ನು ಪೂರ್ತಿ ಓದಿ, ಆಮೇಲೆ ನೀವೇ ಹೇಳಿ.

ಕೇಪಿನ ಕೋವಿ ಗೊತ್ತಿಲ್ಲದ ಹೊಸಬರಿಗೆ ಎರಡು ಮಾತು. ತೋಟೆ ಕೋವಿಯನ್ನು ಹಿಂದಿನಿಂದ ಮುರಿದು ತೋಟೆ ಹಾಕ್ತೇವೆ. ಕೇಪಿನ ಕೋವಿಗೆ ಎಲ್ಲವೂ ನಳಿಗೆಯ ಬಾಯಿಯಿಂದಲೇ ಇಳಿಯಬೇಕು. ಮೊದಲು ಮದ್ದು, ಅದರ ಮೇಲೆ ಒಂದು ಬಿರಡೆ, ಆಮೇಲೆ ಚರೆ, ಚರೆ ಉದುರದ ಹಾಗೆ ಮೇಲೊಂದು ತೆಳು ಬಿರಡೆ. ನಮ್ಮ ಕಡೆ ಈ ಬಿರಡೆ ಅಂದರೆ ತೆಂಗಿನ ನಾರು, ಹಳೇ ಬಟ್ಟೆ ಚೂರು, ಕಾಗದದ ಉಂಡೆ. ನೋಡಲಿಕ್ಕೆ ಕಸ, ಆದರೆ ಕೋವಿಯ ಅರ್ಧ ಕೆಲಸ ಅದರದ್ದೇ. ಮದ್ದು ಉರಿದು ಹುಟ್ಟಿದ ಹೊಗೆ ಚರೆಯ ಸಂದಿಯಲ್ಲಿ ನುಗ್ಗಿ ಹೋಗದ ಹಾಗೆ ತಡೆದು, ಅಷ್ಟೂ ಚರೆಯನ್ನು ಒಟ್ಟಿಗೆ ಮುಂದೆ ದೂಡುವುದು ಈ ಬಿರಡೆಯೇ. ಅದು ಸಡಿಲಾದರೆ ಸದ್ದು ಮಾತ್ರ ಬರ್ತದೆ, ಚರೆ ಎಲ್ಲೆಲ್ಲೋ ಹೋಗ್ತದೆ.

ಜಗತ್ತಿನ ಎಲ್ಲಾ ಕಡೆಯೂ ಜನ ಈ ಬಿರಡೆಗೆ ಕೈಗೆ ಸಿಕ್ಕಿದ್ದನ್ನೇ ಬಳಸಿದ್ದಾರೆ. ಅಮೆರಿಕದ ಕಾಡಂಚಿನ ರೈತರು ಕಣಜದ ಹುಳದ ಒಣಗಿದ ಗೂಡನ್ನು ಬಿಡಿಸಿ ತುಂಬುತ್ತಿದ್ದರು. ಆ ಗೂಡು ಕಾಗದದ ಹಾಗೇ ಇರ್ತದೆ, ಆದರೆ ಬೇಗ ಬೆಂಕಿ ಹಿಡಿಯುವುದಿಲ್ಲ ಅಂತ ಅದಕ್ಕೆ ಬೆಲೆ. ಇಂಗ್ಲೆಂಡಿನ ಬೇಟೆಗಾರರು ಹಳೇ ಉಣ್ಣೆ ಟೊಪ್ಪಿ, ರಟ್ಟು, ಇಸ್ಪೀಟು ಎಲೆಗಳನ್ನು ನಳಿಗೆಯ ಅಳತೆಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಸಿಪಾಯಿಗಳದ್ದು ಇನ್ನೂ ಸುಲಭ. ಮದ್ದು, ಗುಂಡು ಎರಡನ್ನೂ ಸುತ್ತಿಟ್ಟ ಕಾಗದವನ್ನೇ ಹಲ್ಲಿನಿಂದ ಹರಿದು, ಮದ್ದು ಸುರಿದು, ಉಳಿದ ಕಾಗದವನ್ನು ಗುಂಡಿನ ಜೊತೆ ಒಳಗೆ ಜಡಿಯುತ್ತಿದ್ದರು.

ಚರೆಯೂ ಹಾಗೇ. ಮೊದಲು ಸೀಸವನ್ನು ಚೂರು ಚೂರು ಮಾಡಿಯೋ ಅಚ್ಚಿನಲ್ಲಿ ಎರೆದೋ ತುಂಬುತ್ತಿದ್ದರು. 1782ರಲ್ಲಿ ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ ಎಂಬಾತ ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬಿಟ್ಟರೆ ದುಂಡಗಿನ ಚರೆ ಆಗ್ತದೆ ಅಂತ ಪೇಟೆಂಟ್ ತೆಗೆದುಕೊಂಡ. ಮಳೆ ಹನಿ ಉರುಟಾಗುವ ಹಾಗೆ ಸೀಸದ ಹನಿಯೂ ಬೀಳ್ತಾ ಉರುಟಾಗ್ತದೆ. ಚರೆ ದುಂಡಗಾದ ಮೇಲೆ ಜನರಿಗೆ ಇನ್ನೊಂದು ಆಸೆ ಹುಟ್ಟಿತು. ಇದು ಇಷ್ಟು ಬೇಗ ಚದುರದೆ ಇನ್ನೂ ದೂರ ಒಟ್ಟಿಗೆ ಹೋದರೆ?

ಆ ಆಸೆಯಿಂದ ಬಂದದ್ದೇ ತಂತಿಯ ತೋಟೆ. ಸಣ್ಣ ತಂತಿಯ ಬಲೆಯನ್ನು ಕೊಳವೆಯ ಹಾಗೆ ಹೆಣೆದು, ಒಳಗೆ ಚರೆ ತುಂಬಿ, ಸಂದಿಗೆ ಮೂಳೆ ಪುಡಿಯಂಥದ್ದು ಹಾಕಿ, ಹೊರಗೆ ಕಾಗದ ಸುತ್ತುತ್ತಿದ್ದರು. ಇದು ಕೋವಿಯ ಬಾಯಿಯಿಂದಲೇ ತುಂಬುವ ಸಾಮಾನು. ಲಂಡನ್ನಿನ ಈಲಿ ಅಣ್ಣತಮ್ಮಂದಿರು 1828ರ ಹೊತ್ತಿಗೆ ಇದನ್ನು ಮಾಡಿ ಮಾರಲು ಶುರು ಮಾಡಿದರು. ಈಲಿ ಅನ್ನುವ ಹೆಸರು ತೋಟೆಯ ಮೇಲೆ ಈಗಲೂ ಇದೆ. ಇವತ್ತು ಹುಡುಗರು ಕೇಳ್ತಿರುವ ಚರೆ ಕಪ್ಪಿನ ಮುತ್ತಜ್ಜ ಇದೇ.

ದೂರದ ಹಕ್ಕಿಗೆ ಅದು ಒಳ್ಳೆಯದೇ ಆಗಿತ್ತು. ಆದರೆ ಅದಕ್ಕೊಂದು ಕೆಟ್ಟ ಗುಣ ಇತ್ತು. ಬಲೆ ನಳಿಗೆಯಿಂದ ಹೊರಬಿದ್ದ ಮೇಲೆ ಬಿಚ್ಚಿಕೊಂಡು ಚರೆಯನ್ನು ಬಿಡಬೇಕು. ಒಂದೊಂದು ಸಲ ಬಿಚ್ಚುತ್ತಲೇ ಇರಲಿಲ್ಲ. ಆಗ ಅಷ್ಟೂ ಚರೆ ಒಂದೇ ಗಟ್ಟಿ ಗುಂಡಾಗಿ ಹೋಗುತ್ತಿತ್ತು. ಚರೆ ಅಂತ ಲೆಕ್ಕ ಹಾಕಿ ಹೊಡೆದವನ ಕೈಯಿಂದ ಗುಂಡು ಹೋದ ಹಾಗೆ. ಅದು ಎಲ್ಲಿ ನಿಲ್ಲುತ್ತದೆ ಅಂತ ಹೊಡೆದವನಿಗೂ ಗೊತ್ತಿಲ್ಲ. ಇದು ಆ ಕಾಲದ ಬೇಟೆಗಾರರೆಲ್ಲ ಬಲ್ಲ ದೂರು. ಕಾರ್ಖಾನೆಯಲ್ಲಿ, ಅಳತೆ ಹಿಡಿದು ಮಾಡಿದ್ದೇ ಹೀಗಾದರೆ, ನಮ್ಮ ಜಗಲಿಯಲ್ಲಿ ಕೂತು ಮಾಡಿದ್ದು ಹೇಗಾದೀತು?

ನಡುವೆ ಒಂದು ಕಾಗದದ ಕಥೆ ಹೇಳಲೇಬೇಕು, ಯಾಕಂದರೆ ಅದು ನೇರ ನಮ್ಮ ಲೈಸೆನ್ಸಿಗೇ ಬಂದು ಮುಟ್ಟುತ್ತದೆ. ಸಿಪಾಯಿಗಳ ಹಳೇ ಬಂದೂಕಿನ ನಳಿಗೆ ಒಳಗೆ ನುಣುಪು. ಆಮೇಲೆ ಬಂದ ಎನ್‌ಫೀಲ್ಡಿಗೆ ಒಳಗೆ ತಿರುಪಿನ ಗೀರು, ಗುಂಡು ಬಿಗಿ. ಅದು ಜಾರಿ ಇಳಿಯಲಿ ಅಂತ ಗುಂಡು ಸುತ್ತಿದ ಕಾಗದಕ್ಕೆ ಕೊಬ್ಬು ಸವರುತ್ತಿದ್ದರು. ಅದು ದನದ್ದು, ಹಂದಿಯದ್ದು ಅಂತ ಸುದ್ದಿ ಹಬ್ಬಿತು. 1857ರ ಮಾರ್ಚ್ 29ಕ್ಕೆ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ, ಮೇ 10ಕ್ಕೆ ಮೀರತ್. ದಂಗೆಗೆ ಬೇರೆ ಕಾರಣಗಳೂ ಬೇಕಾದಷ್ಟು ಇದ್ದವು, ಆದರೆ ಕಿಡಿ ಹೊತ್ತಿದ್ದು ಆ ಕಾಗದದಿಂದ.

ಹೆದರಿದ ಕಂಪನಿ ಸರ್ಕಾರ ಅದೇ ವರ್ಷ ಆಯುಧ ಒಪ್ಪಿಸಬೇಕು ಅಂತ ಕಾನೂನು ತಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು, ಆಯುಧ ಕೊಡುವುದಿಲ್ಲ ಅಂತ ಎದ್ದು ನಿಂತದ್ದು ಇದಕ್ಕೇ. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿ ಇವತ್ತಿಗೂ ಇದೆ. ಇತ್ತ ಕೊಡಗಿನವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಆ ಕಾನೂನಿನಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, 2019ರ ಆದೇಶದ ಪ್ರಕಾರ 2029ರ ವರೆಗೆ ಇದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿ ಪೂಜೆ ಮಾಡಿ ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸ್ತಾರೆ. ನಾವು ಅಗ್ನಿಶಿಖೆ ಅಂತೇವಲ್ಲ, ಅದೇ ಹೂವು.

ಉಳಿದವರಿಗೆ ಲೈಸೆನ್ಸೇ ಗತಿ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಒಮ್ಮೆ ಓದಿಸಿಕೊಳ್ಳಿ. ಬೆಳೆ ರಕ್ಷಣೆಗೆ ಅಂತ ಅದರಲ್ಲಿ ಹೆಸರಿಸಿದ್ದು ಬಾಯಿಯಿಂದ ತುಂಬುವ ಕೋವಿಯನ್ನೇ. ಅದು ಸಾಕಾಗುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ನುಣುಪು ನಳಿಗೆಯ ಬೇರೆ ಕೋವಿ. ಅಂದರೆ ರೈತನಿಗೆ ಹತ್ತಿರದ ಕೋವಿ ಸಾಕು ಅನ್ನುವ ಲೆಕ್ಕದ ಮೇಲೇ ಕಾನೂನು ನಿಂತಿದೆ ಅಂತ ನಾನು ತಿಳಿದುಕೊಂಡಿದ್ದೇನೆ. ಇನ್ನೊಂದನ್ನೂ ಮರೆಯಬೇಡಿ. ಲೈಸೆನ್ಸ್ ಇರುವುದು ಕೋವಿ ಇಟ್ಟುಕೊಳ್ಳಲಿಕ್ಕೆ. 1972ರ ವನ್ಯಜೀವಿ ಕಾಯ್ದೆಯ ಎದುರು ಅದು ಬೇಟೆಯ ಪರವಾನಗಿ ಅಲ್ಲ, ಹಂದಿಗೂ ಅಲ್ಲ.

ಮತ್ತೆ ಕಪ್ಪಿಗೆ ಬರೋಣ. 1851ರ ಲಂಡನ್ ಪ್ರದರ್ಶನದಲ್ಲಿ ಫ್ರಾನ್ಸಿನ ಮುರಿಯುವ ಕೋವಿ ಕಂಡ ಮೇಲೆ ದುಡ್ಡಿದ್ದವರು ಒಬ್ಬೊಬ್ಬರಾಗಿ ತೋಟೆ ಕೋವಿಗೆ ಹೋದರು. ತೋಟೆಯೊಳಗೂ ನೂರು ವರ್ಷ ಇದ್ದದ್ದು ಅದೇ ರಟ್ಟು, ಅದೇ ಉಣ್ಣೆಯ ಬಿಲ್ಲೆ. 1960ರ ದಶಕದಲ್ಲಿ ಪ್ಲಾಸ್ಟಿಕ್ ಕಪ್ ಬಂತು. ತಳ ಹೊಗೆ ತಡೆಯುತ್ತದೆ, ಗೋಡೆ ಚರೆಯನ್ನು ನಳಿಗೆಗೆ ಉಜ್ಜದ ಹಾಗೆ ಕಾಯುತ್ತದೆ. ನಳಿಗೆಗೆ ಉಜ್ಜಿದ ಚರೆ ಚಪ್ಪಟೆಯಾಗಿ ಅಡ್ಡಾದಿಡ್ಡಿ ಹಾರುತ್ತದೆ, ಅದನ್ನು ತಪ್ಪಿಸಲಿಕ್ಕೆ. ಗೋಡೆಗೆ ಸೀಳು ಇರ್ತದೆ, ಹೊರಬಿದ್ದ ಕೂಡಲೇ ಗಾಳಿಗೆ ಹೂವಿನ ಎಸಳಿನ ಹಾಗೆ ಬಿಚ್ಚಿ ಹಿಂದೆ ಬೀಳ್ತದೆ. 1991ರಿಂದ ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ಪೂರ್ತಿ ನಿಷೇಧ. ಉಕ್ಕಿನ ಚರೆ ಹಳೇ ನಳಿಗೆಯನ್ನು ಗೀರುತ್ತದೆ, ಹಾಗಾಗಿ ಕಪ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಹಾಗಾಯಿತು. ಹಳೇ ಮಾದರಿ ಕೋವಿಯ ಹವ್ಯಾಸಿಗಳು ಅಲ್ಲಿ ಮನೆಯಲ್ಲಿ ಕಪ್ ಮಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅವರು ಒಂದೊಂದು ಹೊಸ ಕಪ್ಪನ್ನೂ ಬಯಲಿನಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ, ಕಾಗದದ ಗುರಿಗೆ ಹೊಡೆದು ಹೊಡೆದು ನೋಡ್ತಾರೆ. ನಮ್ಮಲ್ಲಿ ಆ ಜಾಗ ಯಾರಿಗಿದೆ? ನಮ್ಮಲ್ಲಿ ಹೊಸತನ್ನು ಪರೀಕ್ಷೆ ಮಾಡುವುದು ಅಂದರೆ ರಾತ್ರಿ, ಗದ್ದೆ ಬದುವಿನಲ್ಲಿ, ಆಚೆ ಇನ್ನೊಬ್ಬರ ತೋಟ ಇರುವಾಗ.

ಈಗ ನನ್ನ ಬೇಡಕ್ಕೆ ಕಾರಣ ಹೇಳ್ತೇನೆ, ನಾಲ್ಕೇ.

ಒಂದು, ಬಿಚ್ಚದ ಕಪ್. ಈಲಿಯವರ ತಂತಿಗೆ ಆದದ್ದೇ ಇದಕ್ಕೂ ಆಗ್ತದೆ. ಸಾದಾ ನಳಿಗೆಯ ನಮ್ಮ ಕೋವಿಯ ಚರೆ 25-30 ಮೀಟರ್ ದಾಟಿದ ಮೇಲೆ ತೆಳುವಾಗಿ ಹರಡಿಬಿಡ್ತದೆ. ಹಾಗಂತ ಅದು ನಿರುಪದ್ರವಿ ಅಲ್ಲ, ಆದರೆ ಕಟ್ಟಿಕೊಂಡ ಗಡ್ಡೆಯಷ್ಟು ಕೆಟ್ಟದ್ದೂ ಅಲ್ಲ. ಪಕ್ಕದ ತೋಟದಲ್ಲಿ ಇನ್ನೊಬ್ಬ ಟಾರ್ಚ್ ಹಿಡಿದುಕೊಂಡು ಕಾವಲು ಕೂತಿರ್ತಾನೆ, ನೆನಪಿಡಿ.

ಎರಡು, ನಳಿಗೆ. ಗಟ್ಟಿ ಕಪ್ ಪೂರ್ತಿ ಕೆಳಗೆ ಇಳಿಯದೆ ನಡುವೆ ಸಿಕ್ಕಿಕೊಂಡು, ಮದ್ದಿಗೂ ಅದಕ್ಕೂ ನಡುವೆ ಜಾಗ ಉಳಿದರೆ ನಳಿಗೆ ಒಡೆಯಬಹುದು. ನಾರು ಬಗ್ಗುತ್ತದೆ, ಗಜ ಜಡಿದಾಗ ಕೂತ ಸದ್ದು ಕೈಗೇ ಗೊತ್ತಾಗ್ತದೆ. ನಮ್ಮ ಕೋವಿಗಳು ಅಜ್ಜನ ಕಾಲದವು, ಒಳಗೆ ಎಷ್ಟು ತುಕ್ಕು ತಿಂದಿದೆ ಅಂತ ನೋಡಿದವರು ಯಾರು?

ಮೂರು, ಪ್ಲಾಸ್ಟಿಕ್. ಕರಿಮದ್ದಿನ ಬಿಸಿಗೆ ಅದು ಕರಗಿ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಮಸಿ ಕೂರ್ತದೆ, ಮಸಿ ತೇವ ಹಿಡೀತದೆ, ಮಲೆನಾಡಿನ ಮಳೆಗಾಲದಲ್ಲಿ ಉಳಿದದ್ದು ನೀವೇ ಊಹಿಸಿ.

ನಾಲ್ಕು, ಕಿಡಿ. ಕಾಗದ, ಒಣ ನಾರು ಎರಡೂ ಕೆಂಡ ಹಿಡಿದುಕೊಂಡೇ ಹೊರಬೀಳ್ತವೆ. ಬೇಸಿಗೆಯ ಒಣ ಬ್ಯಾಣಕ್ಕೆ ಅಷ್ಟು ಸಾಕು. ಅದಕ್ಕಿಂತ ಕೆಟ್ಟದ್ದು, ಒಂದು ಚೂರು ಕೆಂಡ ನಳಿಗೆಯೊಳಗೇ ಉಳಿದು, ಮೇಲಿಂದ ಮೇಲೆ ಮದ್ದು ಸುರಿದರೆ ಮುಖಕ್ಕೇ ಹೊತ್ತಿಕೊಳ್ತದೆ. ಈ ನಾಲ್ಕನೆಯದು ನಾರಿಗೂ ಅನ್ವಯ, ಹಾಗಾಗಿ ನಮ್ಮ ಹಳೇ ಕ್ರಮವೇ ಸರ್ವಶ್ರೇಷ್ಠ ಅಂತ ನಾನು ಹೇಳ್ತಾ ಇಲ್ಲ.

ಇಷ್ಟೂ ಕಥೆಯಲ್ಲಿ ನನಗೆ ಕಂಡದ್ದು ಇಷ್ಟೇ. ಬಿರಡೆಯಿಂದ ಬಲೆಗೆ, ಬಲೆಯಿಂದ ಕಪ್ಪಿಗೆ ಹೋದವರೆಲ್ಲ ಹೋದದ್ದು ದೂರದ ಹಕ್ಕಿ ಬೇಕಾಗಿತ್ತು ಅಂತ. ಕಾವಲು ಕೂತ ರೈತನಿಗೆ ದೂರ ಬೇಕಾಗಿಯೇ ಇಲ್ಲ. ಅವನಿಗೆ ಬೇಕಾದದ್ದು ಸದ್ದು, ಹಂದಿ ಗದ್ದೆ ಬಿಟ್ಟು ಓಡಬೇಕು ಅಷ್ಟೇ. ಸದ್ದಿಗೆ ಕಪ್ ಯಾಕೆ, ಚರೆಯೂ ಬೇಡ. ಒಂದು ಮನೆಯ ಕೋವಿಯಿಂದ ಒಂದು ಅನಾಹುತ ಆದರೆ ಆ ಕುಟುಂಬ ಎರಡೂ ಕಡೆ ಹಾಳು, ಮತ್ತೆ ಊರಿಡೀ ಲೈಸೆನ್ಸ್ ನವೀಕರಣಕ್ಕೆ ಅಲೆಯಬೇಕು. ಈಗಲೇ ಪ್ರತಿ ಚುನಾವಣೆಗೂ ಕೋವಿ ಹೊತ್ತುಕೊಂಡು ಹೋಗಿ ಠೇವಣಿ ಇಟ್ಟು, ಬೆಳೆ ಹಂದಿಗೆ ಬಿಟ್ಟು ಕೂರುವ ಕಷ್ಟ ಎಲ್ಲರಿಗೂ ಗೊತ್ತಿದೆ.

ಹಾಗಾಗಿ ಹುಡುಗರೇ, ಕೋವಿಗೆ ಹೊಸತೇನಾದರೂ ಮಾಡಲೇಬೇಕು ಅಂತಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ನಳಿಗೆ ಒಮ್ಮೆ ತೋರಿಸಿ. ಕಾವಲಿಗೆ ಹೋಗುವ ಮೊದಲು ಆಚೀಚೆ ತೋಟದವರಿಗೆ ಫೋನ್ ಮಾಡಿ, ಎಲ್ಲಿ ಕೂರ್ತೀರಿ ಅಂತ ಹೇಳಿ. ಹಿರಿಯರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯಲ್ಲಿ ಬಿರಡೆಗೆ ಏನು ಹಾಕುತ್ತಿದ್ದರು, ಅದಕ್ಕೆ ನಿಮ್ಮ ಕಡೆ ಏನು ಹೆಸರು, ನೆನಪಿದ್ದಷ್ಟು ಬರೆದು ತಿಳಿಸಿ. ಮುಂದಿನ ಸಲ ಸೋಲಾರ್ ಬೇಲಿಯ ಖರ್ಚು, ಅದರ ಕೆಳಗೆ ಹುಲ್ಲು ಸವರುವ ಆಳಿನ ಲೆಕ್ಕ ಎರಡನ್ನೂ ಬರೀತೇನೆ.