759ಕ್ಕೆ ಕೋಚ್ ಯಾರು?

2019ರ ಆಗಸ್ಟ್ 22, ಗುರುವಾರ ರಾತ್ರಿ. ತ್ರಿಪ್ಲಿಕೇನಿನ ನಮ್ಮ ಮ್ಯಾನ್ಶನ್ನಿನ ತಾರಸಿ ಮೇಲೆ ನಾವು ನಾಲ್ಕು ಮಂದಿ ಕೂತಿದ್ದೆವು. ಮ್ಯಾನ್ಶನ್ ಎಂದರೆ ಬಂಗಲೆ ಅಂದುಕೊಳ್ಳಬೇಡಿ. ಒಂದು ಕೋಣೆಗೆ ಮೂರು ಮಂಚ, ಒಂದು ಮಹಡಿಗೆ ಎರಡು ಬಚ್ಚಲು, ಉದ್ದಕ್ಕೂ ಒಣಹಾಕಿದ ಲುಂಗಿಗಳು. ಚೆನ್ನೈಗೆ ಕೆಲಸ ಹುಡುಕಿಕೊಂಡು ಬಂದ ಎಷ್ಟೋ ಗಂಡಸರ ಮೊದಲ ವಿಳಾಸ ಇಂಥದ್ದೇ. ಆ ಬೇಸಿಗೆಯಲ್ಲಿ ಊರಿನ ಕೆರೆಗಳೆಲ್ಲ ಬತ್ತಿ, ನಮಗೆ ನೀರು ಬಕೆಟ್ ಲೆಕ್ಕದಲ್ಲಿ ಸಿಗುತ್ತಿತ್ತು. ಆದರೂ ರಾತ್ರಿಯ ಚರ್ಚೆ ನೀರಿನ ಬಗ್ಗೆ ಆಗಿರಲಿಲ್ಲ, ಸಂಜಯ್ ಬಾಂಗರ್ ಬಗ್ಗೆ ಆಗಿತ್ತು.

ಅಂದು ಸಂಜೆಯಷ್ಟೇ ಸುದ್ದಿ ಬಂದಿತ್ತು. ಭಾರತ ತಂಡದ ಬೌಲಿಂಗ್ ಕೋಚ್ ಭರತ್ ಅರುಣ್ ಮತ್ತು ಫೀಲ್ಡಿಂಗ್ ಕೋಚ್ ಆರ್. ಶ್ರೀಧರ್ ಮುಂದುವರಿಯುತ್ತಾರೆ, ಬ್ಯಾಟಿಂಗ್ ನೋಡಿಕೊಳ್ಳುತ್ತಿದ್ದ ಬಾಂಗರ್ ಮಾತ್ರ ಹೊರಗೆ, ಅವರ ಜಾಗಕ್ಕೆ ವಿಕ್ರಮ್ ರಾಥೋರ್. ಮೊಬೈಲಿನಲ್ಲಿ ಆಂಟಿಗಾ ಟೆಸ್ಟ್ ನಡೆಯುತ್ತಿತ್ತು. ಆ ಪ್ರವಾಸ ಮುಗಿಯುವವರೆಗೆ ಬಾಂಗರ್ ಅವರೇ ಕೋಚ್. ಭಾರತ 25 ರನ್ನಿಗೆ 3 ವಿಕೆಟ್.

"ನೋಡಿ, ನೋಡಿ! ಇದಕ್ಕೇ ಕಳಿಸಿದ್ದು," ಅಂದೆ ನಾನು. ಜುಲೈ 10ರಿಂದ ನನ್ನದು ಒಂದೇ ಮಾತು. ಮ್ಯಾಂಚೆಸ್ಟರಿನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಹೊಡೆದದ್ದು 239. ನಮ್ಮವರು 5ಕ್ಕೆ 3, ಆಮೇಲೆ 24ಕ್ಕೆ 4. ಧೋನಿಯನ್ನು ಏಳನೇ ಕ್ರಮಾಂಕದವರೆಗೆ ಕೂರಿಸಿದರು. ಜಡೇಜ 77 ಹೊಡೆದರೂ 18 ರನ್ನಿನಿಂದ ಸೋತೆವು. ಬ್ಯಾಟಿಂಗ್ ಸೋತಿದ್ದರೆ ಬ್ಯಾಟಿಂಗ್ ಕೋಚ್ ಹೋಗಬೇಕು, ಇದರಲ್ಲಿ ಯೋಚಿಸಲು ಏನಿದೆ?

ಮಧುರೈನ ಗೆಳೆಯನಿಗೂ ಅದೇ ಅಭಿಪ್ರಾಯ. ಭರತ್ ಅರುಣ್ ತಮಿಳುನಾಡಿಗೆ ರಣಜಿ ಆಡಿದವರು, ಅವರು ಉಳಿದದ್ದು ಅವನಿಗೆ ಖುಷಿ. ರಾಯಚೂರಿನ ಮೆಡಿಕಲ್ ರೆಪ್ ಮಾತ್ರ, "ಅದೆಲ್ಲಾ ಇರ್ಲಿ, ನಾಲ್ಕನೇ ನಂಬರಿಗೆ ಯಾರು ಆಡ್ಬೇಕು ಅಂತ ಬಾಂಗರ್ ಆರಿಸಿದ್ದನೇನಪ್ಪ?" ಅಂದ.

ಹೋಟೆಲಿನಲ್ಲಿ ಗಲ್ಲದ ಮೇಲೆ ಕೂರುವ ಕುಂದಾಪುರದ ಅಣ್ಣ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಲ್ಲ ಮಾರಾಯ, ಇಲ್ಲೇ ಚೆಪಾಕ್‌ನಲ್ಲಿ 759 ಹೊಡೆದ್ರಲ್ಲ, ಆವಾಗ ಬ್ಯಾಟಿಂಗ್ ಕೋಚ್ ಯಾರು?"

ನಾನು ಆ ಪಂದ್ಯಕ್ಕೆ ಹೋಗಿದ್ದವನು. "ಕುಂಬ್ಳೆ," ಅಂದೆ ಥಟ್ಟನೆ.

"ಕುಂಬ್ಳೆ ಮುಖ್ಯ ಕೋಚ್. ನಾನು ಕೇಳಿದ್ದು ಬ್ಯಾಟಿಂಗ್ ಕೋಚ್."

ನನಗೆ ಗೊತ್ತಿರಲಿಲ್ಲ. ಆ ಒಂದು ಪ್ರಶ್ನೆ ನನ್ನನ್ನು ಹಳೆಯ ಪಂದ್ಯಗಳ ಕಡೆಗೆ ತಿರುಗಿಸಿತು. ಆಮೇಲೆ ಹುಡುಕಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಮ್ಯಾನ್ಶನ್ನಿನಿಂದ ನಡೆದು ಹೋಗಬಹುದಾದ ದೂರದಲ್ಲಿ ನಡೆದ ಒಂದು ಪಂದ್ಯ. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಶುರುವಾಯಿತು. ಮದರಾಸು ಮತ್ತು ಮೈಸೂರು. ಮೊದಲ ಚೆಂಡು ಎಸೆದವರು ಎಂ.ಜೆ. ಗೋಪಾಲನ್, ಇದೇ ತ್ರಿಪ್ಲಿಕೇನಿನಲ್ಲಿ ಬೆಳೆದವರು, ಭಾರತಕ್ಕೆ ಹಾಕಿಯನ್ನೂ ಕ್ರಿಕೆಟ್ಟನ್ನೂ ಆಡಿದವರು. ಮೈಸೂರು 48ಕ್ಕೆ ಔಟ್. ಮದರಾಸು 130. ಮೈಸೂರು ಮತ್ತೆ 59ಕ್ಕೆ ಔಟ್. ಎ.ಜಿ. ರಾಮ್ ಸಿಂಗ್ ಒಬ್ಬರೇ 35 ರನ್ನಿಗೆ 11 ವಿಕೆಟ್ ಕಿತ್ತರು. ಒಂದೇ ದಿನದಲ್ಲಿ ಪಂದ್ಯ ಮುಗಿದು, ನಮ್ಮವರು ಇನಿಂಗ್ಸ್ ಮತ್ತು 23 ರನ್ನಿನಿಂದ ಸೋತು ಗಂಟುಮೂಟೆ ಕಟ್ಟಿದರು.

ಎರಡು ಇನಿಂಗ್ಸ್ ಸೇರಿ 107 ರನ್. ಅದಕ್ಕೆ ಹೊಣೆ ಹೊರಿಸಿ ಕಳಿಸಲು ಆಗ ಬ್ಯಾಟಿಂಗ್ ಕೋಚ್ ಎಂಬ ಹುದ್ದೆಯೇ ಇರಲಿಲ್ಲ. ಕೋಚ್ ಎಂದರೆ ಹುಡುಗರಿಗೆ ಆಟ ಕಲಿಸುವವನು. ಆ ರಾಮ್ ಸಿಂಗ್ ಅವರೇ ಮುಂದೆ ಮದರಾಸಿನಲ್ಲಿ ಹೆಸರಾಂತ ಕೋಚ್ ಆದರು. ಅವರ ಮಕ್ಕಳಾದ ಕೃಪಾಲ್ ಸಿಂಗ್ ಮತ್ತು ಮಿಲ್ಖಾ ಸಿಂಗ್ ಭಾರತಕ್ಕೆ ಆಡಿದರು. ದೊಡ್ಡವರಾದ ಮೇಲೆ ರನ್ ಹೊಡೆಯುವುದೂ ಔಟಾಗುವುದೂ ಆಟಗಾರನ ಪಾಲಿಗೇ ಸೇರಿದ್ದಾಗಿತ್ತು.

ರಾಷ್ಟ್ರೀಯ ತಂಡಕ್ಕೆ ಕೋಚ್ ಬಂದದ್ದು ಬಹಳ ತಡವಾಗಿ. 1990ರಲ್ಲಿ ಬಿಷನ್ ಸಿಂಗ್ ಬೇಡಿ, ಆಮೇಲೆ ಅಜಿತ್ ವಾಡೇಕರ್, ಇವರನ್ನೆಲ್ಲ ಮ್ಯಾನೇಜರ್ ಎನ್ನುತ್ತಿದ್ದರು. 2000ದಲ್ಲಿ ನ್ಯೂಜಿಲೆಂಡಿನ ಜಾನ್ ರೈಟ್ ಮೊದಲ ವಿದೇಶಿ ಕೋಚ್ ಆಗಿ ಬಂದರು. ಬೌಲಿಂಗ್‌ಗೆ ಒಬ್ಬ, ಫೀಲ್ಡಿಂಗ್‌ಗೆ ಒಬ್ಬ ಎಂದು ಸಹಾಯಕರನ್ನು ಇಡುವ ಪದ್ಧತಿ ಗಟ್ಟಿಯಾದದ್ದು ಅದಕ್ಕೂ ಆಮೇಲೆ.

ಇಲ್ಲೊಂದು ವಿಷಯ ನನ್ನ ಗಮನಕ್ಕೆ ಬಂತು. ಈ ಸಹಾಯಕ ಹುದ್ದೆಗಳನ್ನು ತುಂಬಿದ್ದು ಹೆಚ್ಚಾಗಿ ಸೋಲಿನ ಬೆನ್ನಲ್ಲೇ. 2007ರ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂತು, ಗ್ರೆಗ್ ಚಾಪೆಲ್ ಹೋದರು. ಆ ಹೊತ್ತಿನಲ್ಲಿ ಬೌಲಿಂಗ್ ಕೋಚ್ ಆಗಿ ನಮ್ಮ ವೆಂಕಟೇಶ್ ಪ್ರಸಾದ್, ಫೀಲ್ಡಿಂಗ್ ಕೋಚ್ ಆಗಿ ತಮಿಳುನಾಡಿನ ರಾಬಿನ್ ಸಿಂಗ್ ಬಂದರು. ಅದೇ ವರ್ಷ ಭಾರತ ಟಿ20 ವಿಶ್ವಕಪ್ ಗೆದ್ದಾಗ ಇಬ್ಬರೂ ತಂಡದ ಜೊತೆಗಿದ್ದರು. 2009ರ ಅಕ್ಟೋಬರ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಕೈಬಿಟ್ಟರು.

2014ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ 3-1ರಿಂದ ಸೋತಾಗ ಮತ್ತೆ ಅದೇ. ರವಿ ಶಾಸ್ತ್ರಿ ನಿರ್ದೇಶಕರಾಗಿ, ಬಾಂಗರ್, ಅರುಣ್, ಶ್ರೀಧರ್ ಸಹಾಯಕರಾಗಿ ಬಂದರು. ಬಾಂಗರ್ ರೈಲ್ವೇಸ್ ತಂಡದ ಆಟಗಾರ. 2002ರಲ್ಲಿ ಹೆಡಿಂಗ್ಲಿಯ ಮೋಡದ ದಿನ ಆರಂಭಿಕನಾಗಿ ಇಳಿದು 68 ರನ್ ಗಳಿಸಲು ಗಂಟೆಗಟ್ಟಲೆ ನಿಂತರು. ಜೊತೆಗಿದ್ದ ದ್ರಾವಿಡ್ 148 ಹೊಡೆದರು. ಆ ಪಂದ್ಯ ಎಂದರೆ ನಮಗೆ ನೆನಪಾಗುವುದು ದ್ರಾವಿಡ್, ತೆಂಡೂಲ್ಕರ್, ಗಂಗೂಲಿಯ ಶತಕಗಳು. ಆಡುವಾಗಲೂ ಕೋಚ್ ಆದಾಗಲೂ ಬಾಂಗರ್ ಪಾಲಿಗೆ ಬಂದದ್ದು ಒಂದೇ ಬಗೆಯ ಕೆಲಸ.

ಈಗ 759ಕ್ಕೆ ಬರುತ್ತೇನೆ. 2016ರ ಡಿಸೆಂಬರ್. 5ರಂದು ಜಯಲಲಿತಾ ತೀರಿಕೊಂಡರು. 12ರಂದು ವರ್ದಾ ಚಂಡಮಾರುತ ಬಂದು ಊರಿನ ಮರಗಳನ್ನೆಲ್ಲ ಕೆಡವಿತು. ನೋಟು ರದ್ದಾಗಿ ಎಟಿಎಂ ಮುಂದೆ ಸಾಲು ಇನ್ನೂ ಕರಗಿರಲಿಲ್ಲ. ಚೆಪಾಕ್‌ನಲ್ಲಿ ಕೆಂಡದ ತಟ್ಟೆಗಳನ್ನಿಟ್ಟು ಪಿಚ್ ಒಣಗಿಸಿದರು. ಆಡಳಿತದ ತಗಾದೆಯಿಂದ ಬೀಗ ಬಿದ್ದಿದ್ದ ಮೂರು ಸ್ಟ್ಯಾಂಡ್‌ಗಳು ಖಾಲಿಯೇ ಇದ್ದವು. 18ರಂದು ಕೆ.ಎಲ್. ರಾಹುಲ್ 199ಕ್ಕೆ ಔಟಾದರು. 19ರ ಸೋಮವಾರ ನಾನು ಆಫೀಸಿಗೆ ಜ್ವರ ಎಂದು ಹೇಳಿ ವಾಲಾಜಾ ರಸ್ತೆಯ ಕಡೆ ನಡೆದೆ.

ಆ ದಿನ ಕರುಣ್ ನಾಯರ್ 303 ರನ್ ಗಳಿಸಿ ಔಟಾಗದೆ ಉಳಿದರು. ಅದು ಅವರ ಮೂರನೇ ಟೆಸ್ಟ್. ತ್ರಿಶತಕ ಹೊಡೆದ ಎರಡನೇ ಭಾರತೀಯ. ಮೊದಲನೆಯವರಾದ ಸೆಹ್ವಾಗ್ 2008ರಲ್ಲಿ 319 ಹೊಡೆದದ್ದೂ ಇದೇ ಅಂಗಳದಲ್ಲಿ. ಭಾರತ 7 ವಿಕೆಟ್‌ಗೆ 759, ಟೆಸ್ಟ್‌ನಲ್ಲಿ ನಮ್ಮ ಅತಿ ದೊಡ್ಡ ಮೊತ್ತ. ಮರುದಿನ ಜಡೇಜ ಏಳು ವಿಕೆಟ್ ಕಿತ್ತು ಪಂದ್ಯವನ್ನೂ 4-0ಕ್ಕೆ ಸರಣಿಯನ್ನೂ ಮುಗಿಸಿದರು.

ಆ ರಾತ್ರಿ ಮ್ಯಾನ್ಶನ್ನಿನಲ್ಲಿ ನನ್ನ ಮೆರೆದಾಟ ಕೇಳಬೇಡಿ. ಕರುಣ್ ನಮ್ಮವನು, ರಾಹುಲ್ ನಮ್ಮವನು, ಕೋಚ್ ಕುಂಬ್ಳೆ ನಮ್ಮವರು. "ನಾಯರ್ ಅಂದರೆ ಮಲಯಾಳಿ ಅಲ್ಲವಾ?" ಎಂದ ಮಧುರೈನವನ ಜೊತೆ ಜಗಳವನ್ನೇ ಆಡಿದೆ. 1934ರ 48 ಮತ್ತು 59ರ ಸಾಲವನ್ನು ಇದೇ ನೆಲದಲ್ಲಿ ಬಡ್ಡಿ ಸಮೇತ ತೀರಿಸಿದ ಹಾಗಿತ್ತು. ನೆಟ್‌ನಲ್ಲಿ ಆ ಇಬ್ಬರಿಗೂ ದಿನವೂ ಚೆಂಡು ಎಸೆದು ಎಸೆದು ತೋಳು ಸವೆಸುವ ಬಾಂಗರ್ ಹೆಸರು ನನ್ನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಗೆದ್ದಾಗ ಲೆಕ್ಕದಲ್ಲಿ ನಮ್ಮೂರಿನವರಿದ್ದರು. ಸೋತಾಗ ಮಾತ್ರ ಯಾರ ಊರಿನವನೂ ಅಲ್ಲದ ಬ್ಯಾಟಿಂಗ್ ಕೋಚ್ ಕಣ್ಣಿಗೆ ಬಿದ್ದ.

ಆ 759ರ ಪುಣ್ಯ ಕುಂಬ್ಳೆಗೂ ಬಹಳ ದಿನ ಉಳಿಯಲಿಲ್ಲ. ಒಂದು ವರ್ಷದ ಅವರ ಅವಧಿಯಲ್ಲಿ ಭಾರತ 17 ಟೆಸ್ಟ್ ಆಡಿ 12 ಗೆದ್ದಿತು, ಸೋತದ್ದು ಒಂದೇ. ಆದರೂ 2017ರ ಚಾಂಪಿಯನ್ಸ್ ಟ್ರೋಫಿಗೆ ಮೊದಲೇ ಮಂಡಳಿ ಹೊಸ ಕೋಚ್‌ಗೆ ಅರ್ಜಿ ಕರೆಯಿತು. ಜೂನ್ 18ರಂದು ಓವಲ್‌ನಲ್ಲಿ ಪಾಕಿಸ್ತಾನದ ಎದುರು 180 ರನ್ನಿನ ಸೋಲು, 20ರಂದು ಕುಂಬ್ಳೆ ರಾಜೀನಾಮೆ. ತಮ್ಮ ರೀತಿ ನಾಯಕನಿಗೆ ಹಿಡಿಸಿಲ್ಲವೆಂದು ತಿಳಿದುಬಂತು ಎಂದು ಅವರೇ ಬಹಿರಂಗವಾಗಿ ಬರೆದರು. ಕರುಣ್ ಮುಂದಿನ ಟೆಸ್ಟ್‌ನಲ್ಲೇ ಹೊರಗೆ ಕೂತರು. ಆಸ್ಟ್ರೇಲಿಯಾದ ಎದುರು ಮೂರು ಟೆಸ್ಟ್ ಆಡಿದ ಮೇಲೆ ಮತ್ತೆ ಅವಕಾಶ ಸಿಕ್ಕಿದ್ದು 2025ರಲ್ಲಿ.

ಹಾಗಾದರೆ ಬಾಂಗರ್ ವಿರುದ್ಧ ದೂರೇ ಇರಲಿಲ್ಲವೇ? ಇತ್ತು. 2018ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 2-1, ಇಂಗ್ಲೆಂಡಿನಲ್ಲಿ 4-1ರಿಂದ ಸೋತೆವು. ಇಂಗ್ಲೆಂಡಿನಲ್ಲಿ ಕೊಹ್ಲಿ 593 ರನ್ ಹೊಡೆದರೆ ಉಳಿದ ಬ್ಯಾಟಿಂಗ್ ತರಗೆಲೆ. ಏಕದಿನದಲ್ಲಿ ನಾಲ್ಕನೇ ಕ್ರಮಾಂಕಕ್ಕೆ ನಾಲ್ಕು ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಮಂದಿಯನ್ನು ಇಳಿಸಿ ನೋಡಿದರೂ ಉತ್ತರ ಸಿಗಲಿಲ್ಲ. ಆದರೆ ಅದೇ ಅವಧಿಯಲ್ಲಿ, 2019ರ ಜನವರಿಯಲ್ಲಿ, ಆಸ್ಟ್ರೇಲಿಯಾದ ನೆಲದಲ್ಲಿ ಭಾರತ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿತು. ಪೂಜಾರ ಮೂರು ಶತಕದ ಜೊತೆ 521 ರನ್ ಗಳಿಸಿದರು. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಬದಲಾವಣೆ ಬೇಕು ಎನ್ನುವವರ ಬಳಿಯೂ ಕಾರಣವಿತ್ತು, ಬೇಡ ಎನ್ನುವವರ ಬಳಿಯೂ ಇತ್ತು.

ನನ್ನ ತಕರಾರು ಬೇರೆ. ಮುಖ್ಯ ಕೋಚ್ ಶಾಸ್ತ್ರಿಯನ್ನು ಮರುನೇಮಕ ಮಾಡಿದ್ದು ಕಪಿಲ್ ದೇವ್, ಅಂಶುಮನ್ ಗಾಯಕವಾಡ್ ಮತ್ತು ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಇದ್ದ ಸಮಿತಿ. ಸಹಾಯಕರನ್ನು ಸಂದರ್ಶಿಸಿ ಆರಿಸಿದ್ದು ಎಂ.ಎಸ್.ಕೆ. ಪ್ರಸಾದ್ ನೇತೃತ್ವದ ಆಯ್ಕೆ ಸಮಿತಿ. ವಿಶ್ವಕಪ್‌ಗೆ ತಂಡ ಆರಿಸಿದ್ದೂ ಅದೇ ಸಮಿತಿ. ಅಂಬಟಿ ರಾಯುಡು ಅವರನ್ನು ಬಿಟ್ಟು ತಮಿಳುನಾಡಿನ ವಿಜಯ್ ಶಂಕರ್ ಅವರನ್ನು ಕಳಿಸಿ, ಅವರಿಗೆ ಪೆಟ್ಟಾದಾಗ ನಮ್ಮ ಮಯಾಂಕ್ ಅಗರ್‌ವಾಲ್ ಅವರನ್ನು ಕರೆಸಿದವರೂ ಅವರೇ. ಧೋನಿಯನ್ನು ಏಳನೆಯವರಾಗಿ ಇಳಿಸಿದ್ದು ಇಡೀ ತಂಡದ ತೀರ್ಮಾನ ಎಂದು ಶಾಸ್ತ್ರಿಯೇ ಹೇಳಿದ್ದರು. ಸಾಮಾನು ತಂದವರು ಒಬ್ಬರು, ಯಾವುದನ್ನು ಯಾವಾಗ ಬಡಿಸಬೇಕು ಎಂದವರು ಇನ್ನೊಬ್ಬರು, ಊಟ ಕೆಟ್ಟಾಗ ಮನೆಗೆ ಹೋದವನು ಅಡುಗೆಯ ಸಹಾಯಕ. ಸಾಮಾನು ತಂದವರೇ ಅವನ ರುಚಿಗೆ ಅಂಕ ಕೊಟ್ಟರು.

ಇದು ನಮ್ಮಲ್ಲಿ ಮಾತ್ರ ಇರುವ ಕಥೆಯಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಾಳಿಯ ತಂತ್ರ ನೋಡಿಕೊಳ್ಳಲೆಂದೇ ಒಬ್ಬ ಸಹಾಯಕ ಕೋಚ್ ಇರುತ್ತಾನೆ. ಅವನ ಒಪ್ಪಂದ ಮುಂದುವರಿಸಬೇಕೇ ಎಂದು ಅಲ್ಲಿಯ ಅಭಿಮಾನಿಗಳೂ ನಮ್ಮ ಹಾಗೆಯೇ ಕಾದಾಡುತ್ತಾರೆ. ಆಟಗಾರರನ್ನು ಬೈಯಲು ಮನಸ್ಸು ಬಾರದಾಗ, ಮುಖ್ಯ ಕೋಚ್‌ನನ್ನು ಕದಲಿಸಲು ಆಗದಾಗ, ಕೈಗೆ ಸಿಗುವವನು ಸಹಾಯಕ.

ಬಾಂಗರ್ ಹೋದ ಮೇಲೆ ಏನಾಯಿತು? 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ಭಾರತ 36 ರನ್ನಿಗೆ ಔಟಾಯಿತು, ಟೆಸ್ಟ್‌ನಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ಕರುಣ್ 303 ಹೊಡೆದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ. ಆಗ ಬ್ಯಾಟಿಂಗ್ ಕೋಚ್ ರಾಥೋರ್. ಅವರನ್ನು ಕಳಿಸಲಿಲ್ಲ. ಒಂದು ತಿಂಗಳಿಗೆ, 2021ರ ಜನವರಿ 19ರಂದು, ಬ್ರಿಸ್ಬೇನ್‌ನಲ್ಲಿ ಗೆದ್ದು ಸರಣಿಯನ್ನೇ ತಂದರು. 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ ಸೋತಾಗಲೂ ಹತ್ತು ದಿನಕ್ಕೆ ಮುಖ್ಯ ಕೋಚ್ ದ್ರಾವಿಡ್ ಮತ್ತು ರಾಥೋರ್ ಸಮೇತ ಎಲ್ಲರ ಒಪ್ಪಂದ ಮುಂದುವರಿಯಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಅದೇ ಜನ ಟಿ20 ವಿಶ್ವಕಪ್ ಎತ್ತಿದರು. ಬಾಂಗರ್ ಉಳಿದಿದ್ದರೂ ಹೀಗೇ ಆಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಕೊನೆಯ ಪಂದ್ಯವೊಂದನ್ನೇ ಹಿಡಿದು ತೂಗುವ ತಕ್ಕಡಿ ಸರಿಯಿಲ್ಲ ಎನ್ನುತ್ತಿದ್ದೇನೆ, ಅಷ್ಟೇ.

ಆ ತಕ್ಕಡಿಯ ಕೆಳಗೆ ನಾನೂ ನಿಂತಿದ್ದೆ. 2019ರಲ್ಲಿ ನಾನಿದ್ದದ್ದು ಕಾಂಟ್ರಾಕ್ಟ್ ಕೆಲಸದಲ್ಲಿ, ಮೂರು ತಿಂಗಳಿಗೊಮ್ಮೆ ನವೀಕರಣ. ಎರಡು ವರ್ಷ ಸರಿಯಾಗಿ ಓಡಿದ ಕೆಲಸವನ್ನು ಯಾರೂ ಕೇಳಲಿಲ್ಲ. ಆ ವರ್ಷದ ಕೊನೆಯಲ್ಲಿ ಒಂದು ರಾತ್ರಿ ಕೆಟ್ಟು ನಿಂತದ್ದನ್ನು ಎಲ್ಲರೂ ಕೇಳಿದರು. ನವೀಕರಣ ಬರಲಿಲ್ಲ. ಗಡುವು ಇಟ್ಟವರು ಅವರ ಜಾಗದಲ್ಲೇ ಇದ್ದರು. ಪೆಟ್ಟಿಗೆ ಹಿಡಿದು ಮ್ಯಾನ್ಶನ್ನಿನ ಮೆಟ್ಟಿಲಿಳಿಯುವಾಗ ನನಗೆ ನೆನಪಾದದ್ದು ಆಗಸ್ಟ್ ರಾತ್ರಿಯ ನನ್ನದೇ ಮಾತು: ಇದರಲ್ಲಿ ಯೋಚಿಸಲು ಏನಿದೆ?

ಗಲ್ಲದ ಮೇಲೆ ಕುಂದಾಪುರದ ಅಣ್ಣ ಇದ್ದರು. ಕಾಫಿ ಕೊಡಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. "759ಕ್ಕೆ ಬಾಂಗರ್ ಅಂತ ಆಮೇಲೆ ಗೊತ್ತಾಯ್ತು ಅಣ್ಣ," ಅಂದೆ.

"ನನಗೂ ಆವತ್ತು ಗೊತ್ತಿರ್ಲಿಲ್ಲ ಮಾರಾಯ," ಅಂದರು ಅವರು. "ಅದಕ್ಕೇ ನಿನ್ನ ಕೇಳಿದ್ದು."